ಹೊರಬಾಗಿಲಿನ ಅಸ್ತರ ಬಣ್ಣ

ಬಾಗಲಕೋಟೆ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಬರವಿರುವದು ಒಳ್ಳೆಯ ಕಟ್ಟಿಗೆಗೆ. ಐಹೊಳೆಯ ಲಾಡಖಾನ ಗುಡಿಯನ್ನು ನೋಡಿದ ವಾಚಕರಿಗೆ ಅದರ ಮಾಳಿಗೆಯ ನೆನಪಿರಬಹುದು. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳ ಮೇಲೆ ಉದ್ದವಾದ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ. ಅವುಗಳ ಆಕಾರವನ್ನು ನೋಡಿದೊಡನೆ ಕಟ್ಟಿಗೆಯ ಕೆಲಸದ ನೆನಪು ಬರುತ್ತದೆ. ಚಾಲುಕ್ಯರ ಕಾಲದ ಕಲ್ಲು ಇಂದಿಗೂ ನಿಂತಿದೆ. ಅದಕ್ಕೆ ಮಾದರಿಯಾದ ಕಟ್ಟಿಗೆಯ ಮನೆ ಮಾಡಗಳು ಉಳಿದಿಲ್ಲ. ಮಳೆ, ಬಿಸಿಲು, ಹುಳ ಇವು ಮೂರೂ ಕಲ್ಲಿಗೆ ಮಾಡಲಾರದುದನ್ನು ಕಟ್ಟಿಗೆಗೆ ಮಾಡುತ್ತವೆ.

ಬೇವೂರಿನಂಥ ಊರುಗಳ ಹಳೆಯ ಮನೆಗಳಲ್ಲಿ ಗೋಡೆ ಕಲ್ಲುಮಣ್ಣಿನದು, ಮೇಲೆ ಮಣ್ಣಿನ ಮಾಳಿಗೆ. ಹೊರಗಿನ ಹವೆಗೆ ಮುಖಗೊಟ್ಟು ನಿಂತ ಕಟ್ಟಿಗೆಯೆಂದರೆ ತಲಬಾಗಿಲಿನ ಚೌಕಟ್ಟು, ಅದರ ಮೇಲಿನ ಕೆತ್ತನೆಯ ಪಟ್ಟಿ, ಕದಗಳು, ಕಿಡಕಿಯ ಸುತ್ತಲಿನ ಹಲಿಗೆಗಳು, ಇಷ್ಟೇ. ಊರಿನ ಹೆಸರಿನಲ್ಲಿ ಬೇವು ಇದ್ದರೂ ಅನುಕೂಲವುಳ್ಳವರು ತಲಬಾಗಿಲಿಗೆ ಸಾಗವಾನಿಯನ್ನೇ ಬಯಸುವರು. ಇಲ್ಲದವರು ಬೇವು ಇಲ್ಲವೆ ಜಾಲಿಯಿಂದ ಕೆಲಸ ಸಾಗಿಸುವರು. ಯಾವ ಕಟ್ಟಿಗೆಯಾದರೂ ಮನೆಯ ಮರ್ಯಾದೆ ಇರುವದು ಆ ಬಾಗಿಲಿನಲ್ಲಿಯೇ. ಹಬ್ಬಕ್ಕೆ ತೋರಣ ಕಟ್ಟುವದು ಅದಕ್ಕೆ, ಸೊಸೆ ಮೊದಲು ಕಾಲಿಡುವದು ಅದರ ಹೊಸ್ತಿಲ ದಾಟಿ. ಆದುದರಿಂದ ಅದಕ್ಕೆ ಬಣ್ಣ ಹಚ್ಚುವಾಗ ಎಲ್ಲರ ಲಕ್ಷ್ಯವು ಮೇಲಿನ ಬಣ್ಣದ ಕಡೆಗೇ ಹೋಗುತ್ತದೆ. ಹಸಿರೋ ಕಂದೋ ಎಂಬ ಚರ್ಚೆಗೆ ಎರಡು ದಿನ ಬೇಕಾಗುತ್ತವೆ; ಕೆಳಗಿನ ಅಸ್ತರ ಬಣ್ಣವನ್ನು ಆರಿಸುವದಕ್ಕೆ ಎರಡು ನಿಮಿಷವೂ ಹಿಡಿಯುವದಿಲ್ಲ. ಬಾಗಿಲಿನ ಆಯುಷ್ಯವನ್ನು ನಿರ್ಣಯಿಸುವದು ಈ ಎರಡನೆಯದೇ ಎಂಬದನ್ನು ತಿಳಿಸುವದಕ್ಕಾಗಿ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಬೇವೂರಿನ ಮನೆಯ ತಲಬಾಗಿಲು ಸಾಗವಾನಿಯದು, ಅಜ್ಜನವರ ಕಾಲದ್ದು. ಅದರ ಚೌಕಟ್ಟಿನ ಎರಡೂ ಕಾಲುಗಳು ಬುಡದಲ್ಲಿ ಒಂದು ಗೇಣಿನಷ್ಟು ಮೆತ್ತಗಾಗಿರುವದು ಈಚೆಗೆ ಗೊತ್ತಾಯಿತು. ಬಡಿಗೇರ ಅಜ್ಜನು ಉಳಿಯನ್ನು ಒತ್ತಿದರೆ ಅದು ಹಸಿ ಬೆಲ್ಲದಲ್ಲಿ ಇಳಿದಂತೆ ಇಳಿಯಿತು. ಮನೆಯಲ್ಲಿ ಎರಡು ಪಕ್ಷಗಳಾದವು. ಚೌಕಟ್ಟನ್ನು ಕಿತ್ತು ಕಬ್ಬಿಣದ್ದನ್ನು ನಿಲ್ಲಿಸಿದರೆ ಒಂದೇ ದಿನದ ಕೆಲಸವೆಂದು ಕಿರಿಯರು ಅಂದರು. ಮೂರು ತಲೆಮಾರಿನ ಬಾಗಿಲನ್ನು ಕಟ್ಟಿಗೆಯ ಅಡ್ಡೆಯವನಿಗೆ ತೂಕಕ್ಕೆ ಹಾಕಲು ಹಿರಿಯರ ಮನಸ್ಸು ಒಪ್ಪಲಿಲ್ಲ. ಅಜ್ಜನು ಚೌಕಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಬಡಿದು ನೋಡಿ ನಮ್ಮ ಮನೆಯವರಿಗೆ, "ಮ್ಯಾಲಿನ ಕಟಗಿ ಗಟ್ಟಿ ಐತಿ ಯವ್ವಾ, ಕೊಳತದ್ದು ಬಣ್ಣ ಮುಟ್ಟದ ತುದಿ ಅಷ್ಟ" ಎಂದು ಹೇಳಿದನು. ಅವನ ಮಾತಿನಂತೆ ಕೊಳೆತ ಭಾಗವನ್ನು ಕೊಯ್ದು ಹೊಸ ಸಾಗವಾನಿಯ ತುಂಡುಗಳನ್ನು ಜೋಡಿಸುವದೆಂದು ನಿಶ್ಚಯವಾಯಿತು. ಅನಂತರ ಅಸ್ತರದ ಪ್ರಶ್ನೆ ಬಂದಿತು.

ಅಸ್ತರವೆಂದರೇನು? ಕುಪ್ಪಸಕ್ಕೆ ಒಳಗಿನಿಂದ ಹಚ್ಚುವ ಅಸ್ತರವನ್ನು ಎಲ್ಲ ಗೃಹಿಣಿಯರೂ ಬಲ್ಲರು. ಅದು ಹೊರಗೆ ಕಾಣುವದಿಲ್ಲ. ಆದರೆ ಮೇಲಿನ ಬಟ್ಟೆಯ ಜಗ್ಗಾಟವನ್ನು ತಡೆಯುವದು ಅದೇ. ಅಂಗಡಿಯವರು ಪ್ರೈಮರ್ ಎಂದು ಕರೆಯುವ ಬಣ್ಣದ ಕೆಲಸವೂ ಹೀಗೆಯೇ. ಕಟ್ಟಿಗೆಯು ಒಂದು ಕಾಲಕ್ಕೆ ನೀರನ್ನು ಏರಿಸುತ್ತಿದ್ದ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಮರ ಸತ್ತರೂ ಕೊಳವೆಗಳ ದಾಹ ಹೋಗುವದಿಲ್ಲ. ಮಳೆಗಾಲದಲ್ಲಿ ಅದು ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಅಸ್ತರವು ಮೊದಲನೆಯದಾಗಿ ಈ ಬಾಯಿಗಳನ್ನು ಮುಚ್ಚಬೇಕು. ಎರಡನೆಯದಾಗಿ ಕಟ್ಟಿಗೆಯೊಳಗೆ ತುಸು ಇಳಿದು ಬೇರು ಹಿಡಿಯಬೇಕು. ಮೂರನೆಯದಾಗಿ ಮೇಲಿನ ಬಣ್ಣಕ್ಕೆ ಹಿಡಿದುಕೊಳ್ಳಲು ಒರಟಾದ ಮೈಯನ್ನು ಒದಗಿಸಬೇಕು. ಮೇಲಿನ ಬಣ್ಣವು ಬಿಸಿಲನ್ನು ತಡೆಯಬಲ್ಲದು, ಅಂದವನ್ನು ಕೊಡಬಲ್ಲದು. ಈ ಮೂರು ಕೆಲಸಗಳು ಅದರಿಂದ ಆಗಲಾರವು.

ಇನ್ನು ಅಂಗಡಿಯಲ್ಲಿ ಸಿಕ್ಕುವ ಅಸ್ತರಗಳ ವಿಚಾರ. ಇವುಗಳಲ್ಲಿ ಎಲ್ಲಕ್ಕೂ ಒಳ್ಳೆಯದೆಂಬದು ಒಂದೂ ಇಲ್ಲ. ಇಂಥ ಕಟ್ಟಿಗೆಗೆ ಇಂಥದು ಒಳ್ಳೆಯದು ಎಂಬದಷ್ಟೇ ಇದೆ.

ಮೊದಲನೆಯದು ಎಣ್ಣೆಯ ಅಸ್ತರ. ಇದರ ಮೂಲಪುರುಷನು ನಮ್ಮ ಅಡಿಗೆಮನೆಯಲ್ಲಿಯೇ ಇದ್ದಾನೆ. ರೊಟ್ಟಿಯ ಮಗ್ಗುಲಿಗೆ ಹಿಂಡಿಯಾಗಿ ಬರುವ ಅಗಸಿಯ ಬೀಜದ ಎಣ್ಣೆಯು ಗಾಳಿಯೊಳಗಿನ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಊರ ಹೆಬ್ಬಾಗಿಲಿಗೂ ಈ ಬೀಜಕ್ಕೂ ನಮ್ಮ ಕಡೆಯಲ್ಲಿ ಅಗಸಿ ಎಂಬ ಒಂದೇ ಹೆಸರಿರುವದು ಬರಿಯ ಕಾಕತಾಳೀಯವಿರಬಹುದು. ಬಾಗಿಲಿಗೆ ಆ ಎಣ್ಣೆ ಒಪ್ಪುವದಂತೂ ನಿಜ. ಎಲ್ಲ ಎಣ್ಣೆಗಳಿಗೂ ಈ ಗುಣವಿಲ್ಲ. ಕುಸುಬಿ ಎಣ್ಣೆ ಒಣಗುತ್ತದೆ, ಆದರೆ ನಿಧಾನವಾಗಿ. ಶೇಂಗಾ, ಔಡಲ, ಕೊಬ್ಬರಿ ಎಣ್ಣೆಗಳು ಎಷ್ಟು ದಿನ ಕಾದರೂ ಒಣಗುವದಿಲ್ಲ. ಧೂಳನ್ನು ಹಿಡಿದು ಜಿಗುಟಾಗಿ ಉಳಿಯುತ್ತವೆ. ಹಬ್ಬಕ್ಕೆ ಬಾಗಿಲು ಮಿಂಚಲೆಂದು ಅಡಿಗೆಯ ಎಣ್ಣೆಯನ್ನು ತಿಕ್ಕುವ ರೂಢಿ ಕೆಲವು ಮನೆಗಳಲ್ಲಿದೆ. ಅಂಥ ಬಾಗಿಲಿನ ಮೇಲೆ ಯಾವ ಅಸ್ತರವೂ ನಿಲ್ಲದು. ಮೊದಲು ಟರ್ಪಂಟೈನಿನಿಂದ ಅದನ್ನು ಒರಸಿ ತೆಗೆಯಲೇಬೇಕು. ಈಗ ಡಬ್ಬಿಯಲ್ಲಿ ಬರುವ ಎಣ್ಣೆಯ ಅಸ್ತರದಲ್ಲಿ ಅಗಸಿ ಎಣ್ಣೆಯ ಜಾಗದಲ್ಲಿ ಬಹುತರ ಆಲ್ಕಿಡ್ ಎಂಬ ಅದರ ಸುಧಾರಿತ ರೂಪವಿರುತ್ತದೆ. ಇದು ಕಟ್ಟಿಗೆಯೊಳಗೆ ಚೆನ್ನಾಗಿ ಇಳಿಯುತ್ತದೆ, ಕಟ್ಟಿಗೆಯ ಒಗರು ಕಲೆಗಳನ್ನು ಮೇಲೆ ಬರಗೊಡುವದಿಲ್ಲ. ದೋಷಗಳೂ ಉಂಟು: ಒಣಗಲು ಒಂದು ರಾತ್ರಿಯಾದರೂ ಬೇಕು, ವಾಸನೆ ಬಹಳ, ವರ್ಷಗಳು ಕಳೆದಂತೆ ಪೆಡಸಾಗುತ್ತದೆ.

ಎರಡನೆಯದು ನೀರಿನಲ್ಲಿ ಕಲಸುವ ಅಕ್ರಿಲಿಕ್ ಅಸ್ತರ. ಎರಡು ಮೂರು ತಾಸುಗಳಲ್ಲಿ ಒಣಗುತ್ತದೆ, ವಾಸನೆ ಕಡಿಮೆ, ಕುಂಚವನ್ನು ನೀರಿನಲ್ಲಿ ತೊಳೆದರೆ ಸಾಕು. ಇದರ ದೊಡ್ಡ ಗುಣವೆಂದರೆ ಬಾಗುವಿಕೆ: ಕಟ್ಟಿಗೆ ಉಬ್ಬಿದಾಗ ತಾನೂ ಹಿಗ್ಗಿ, ಕುಗ್ಗಿದಾಗ ತಾನೂ ಕುಗ್ಗುತ್ತದೆ, ಒಳಗಿನ ಆವಿಯನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುತ್ತದೆ. ಆದರೆ ಸಾಗವಾನಿಯಂಥ ಎಣ್ಣೆಯ ಮರಕ್ಕೆ ನೀರಿನ ಅಸ್ತರ ಸರಿಯಾಗಿ ಹಿಡಿಯುವದಿಲ್ಲ. ಒಗರಿನ ಮರಗಳಲ್ಲಿ ಅದರ ನೀರೇ ಕಂದು ಬಣ್ಣವನ್ನು ಕರಗಿಸಿ ಮೇಲಕ್ಕೆ ತರುತ್ತದೆ. ಬಿಳಿಯ ಕಿಡಕಿಯ ಮೇಲೆ ಚಹದ ಕಲೆಯಂತೆ ಮೂಡುವ ಗುರುತುಗಳಿಗೆ ಇದೇ ಕಾರಣ. ಹಳೆಯ ಮಿರುಗುವ ಎಣ್ಣೆಬಣ್ಣದ ಮೇಲೆ ಹಚ್ಚುವದಾದರೆ ಅದರ ಮಿರುಗನ್ನು ತಿಕ್ಕಿ ತೆಗೆಯದೆ ಹಚ್ಚಬಾರದು.

ಮೂರನೆಯದು ಅರಗಿನ ಅಸ್ತರ. ಅರಗು ನಮಗೆ ಹೊಸದಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರಖಾನೆಯೊಂದು ಹುಟ್ಟಿತು. ಇಂದು ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸದ ಶಾಯಿಯನ್ನು ತಯಾರಿಸುವ ಮೈಸೂರು ಪೇಂಟ್ಸ್ ಸಂಸ್ಥೆ ಅದೇ. ಸ್ಪಿರಿಟಿನಲ್ಲಿ ಕರಗಿಸಿದ ಅರಗು ಮರದ ಗಂಟುಗಳಿಂದ ಒಸರುವ ಅಂಟನ್ನೂ ಹಟಮಾರಿ ಕಲೆಗಳನ್ನೂ ತಡೆಯುವದರಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಅದು ಪೆಡಸು, ನೀರಿಗೆ ಅಂಜುವದು. ಆದುದರಿಂದ ಹೊರಗಿನ ಕೆಲಸದಲ್ಲಿ ಗಂಟಿನ ಮೇಲೆ ಒಂದು ಬೊಟ್ಟಿನಂತೆ ಬಳಸಬಹುದೇ ಹೊರತು ಇಡಿಯ ಬಾಗಿಲಿಗೆ ಬಳಿಯತಕ್ಕದ್ದಲ್ಲ.

ನಾಲ್ಕನೆಯದು ಕಟ್ಟಿಗೆಯ ಸಲುವಾಗಿಯೇ ತಯಾರಾದ ಅಲ್ಯೂಮಿನಿಯಮ್ ಅಸ್ತರ. ಲೋಹದ ಸಣ್ಣ ಚಕ್ಕೆಗಳು ಹಂಚು ಹೊದಿಸಿದಂತೆ ಒಂದರ ಮೇಲೊಂದು ಕುಳಿತು ನೀರಿನ ದಾರಿಯನ್ನು ಮುಚ್ಚುತ್ತವೆ. ಎಣ್ಣೆಯುಳ್ಳ ಗಡಸು ಮರಕ್ಕೂ, ಹಿಂದೆ ಡಾಂಬರು ತಾಗಿದ ಕಟ್ಟಿಗೆಗೂ ಇದು ಉಪಯುಕ್ತ. ಗೋಡೆಗೆ ತಾಗುವ ಚೌಕಟ್ಟಿನ ಬೆನ್ನಿಗೆ ಡಾಂಬರು ಬಳಿಯುವದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿಯೂ ಹೌದು. ಆದರೆ ಅದು ಮುಂದಿನ ಮುಖಕ್ಕೆ ಹರಿದರೆ ಸಾಧಾರಣ ಬಣ್ಣವನ್ನು ಭೇದಿಸಿ ಕರಿ ಕಲೆಯಾಗಿ ಹೊರಬರುತ್ತದೆ.

ಅಂಗಡಿಯಲ್ಲಿ ಇನ್ನೂ ಎರಡು ಬಗೆ ಕಾಣುತ್ತವೆ. ಇಟ್ಟಂಗಿಯ ಕೆಂಪಿನ ರೆಡ್ ಆಕ್ಸೈಡು ಕಬ್ಬಿಣದ್ದು. ಸಿಮೆಂಟ್ ಪ್ರೈಮರ್ ಗೋಡೆಯದು. ಕಿಡಕಿಯ ಸರಳುಗಳಿಗೆ ತಂದುದು ಉಳಿದಿದೆಯೆಂದು ಅದನ್ನೇ ಚೌಕಟ್ಟಿಗೂ ಎಳೆಯುವ ಕೆಲಸಗಾರರಿದ್ದಾರೆ. ಹೆಸರು ಪ್ರೈಮರ್ ಎಂದಿದ್ದರೂ ಇವೆರಡೂ ಕಟ್ಟಿಗೆಗೆ ಸಲ್ಲವು. ಡಬ್ಬಿಯ ಮೇಲೆ ಕಟ್ಟಿಗೆಯ ಹೆಸರೂ ಹೊರಗಿನ ಬಳಕೆಯ ಮಾತೂ ಬರೆದಿರಬೇಕು.

ನಮ್ಮ ಬಾಗಿಲಿಗಾಗಿ ಅಣ್ಣನ ಮಗನು ಇಳಕಲ್ಲಿಗೆ ಹೋಗಿ ನೀರಿನ ಅಸ್ತರವನ್ನು ತಂದಿದ್ದನು. "ಕಾಕಾ, ಈಗ ಎಲ್ಲಾರೂ ಇದನ್ನ ಹಚ್ಚತಾರ" ಎಂದು ಅವನ ವಾದ. ಅವನ ವಾದವು ಹಿಂದಿನ ಕಿಡಕಿಗಳ ಮಟ್ಟಿಗೆ ಸರಿಯಾಗಿತ್ತು. ಅವು ಹಗುರ ಮರದವು, ಋತು ತಿರುಗಿದಂತೆ ಉಬ್ಬಿ ಕುಗ್ಗಿ ಕದ ಬಿಗಿಯುತ್ತಿದ್ದವು; ಅವುಗಳಿಗೆ ಅದೇ ಡಬ್ಬಿ ಸಲ್ಲಿತು. ತಲಬಾಗಿಲಿನ ಸಾಗವಾನಿಗೆ ಎಣ್ಣೆಯ ಅಸ್ತರವನ್ನು ಬೇರೆ ತರಿಸಿದೆವು. ಹೊಸ ತುಂಡುಗಳನ್ನು ಮೊದಲು ಟರ್ಪಂಟೈನಿನಿಂದ ಒರಸಿ, ಮೊದಲ ಕೈಗೆ ಅಸ್ತರವನ್ನು ತುಸು ತೆಳ್ಳಗೆ ಮಾಡಿಸಿದೆವು. ಒಂದೇ ಮನೆಯಲ್ಲಿ ಎರಡು ಅಸ್ತರಗಳೇ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಒಂದೇ ಮನೆಯಲ್ಲಿ ಎರಡು ಬಗೆಯ ಮರಗಳಿವೆ.

ಅಸ್ತರವನ್ನು ಆರಿಸಿದರೆ ಅರ್ಧ ಕೆಲಸವಾಯಿತು. ಉಳಿದರ್ಧವು ಎಲ್ಲಿ, ಯಾವಾಗ ಹಚ್ಚುವದೆಂಬದು. ಬಡಿಗೇರ ಅಜ್ಜನು ಹೇಳಿದ ತುದಿಯ ಮಾತನ್ನು ನಾವು ಮತ್ತೆ ಮತ್ತೆ ವಿಚಾರಿಸಿದ್ದೇವೆ. ಮರದ ಕೊಳವೆಗಳು ಬಾಯಿ ತೆರೆದಿರುವದು ಅಡ್ಡ ಕೊಯ್ದ ತುದಿಯಲ್ಲಿ. ಪಕ್ಕದ ಮೈಗಿಂತ ಅಲ್ಲಿ ಅನೇಕ ಪಟ್ಟು ವೇಗದಿಂದ ನೀರು ಏರುತ್ತದೆ. ಬಣ್ಣ ಹಚ್ಚುವ ಹೊತ್ತಿಗೆ ಆ ತುದಿಯು ನೆಲದ ಕಲ್ಲಿಗೆ ಒತ್ತಿಕೊಂಡಿರುವದರಿಂದ ಯಾರ ಕುಂಚವೂ ಅಲ್ಲಿಗೆ ಮುಟ್ಟುವದಿಲ್ಲ. ನಮ್ಮ ಮನೆಗಳಲ್ಲಿ ಪ್ರತಿದಿನ ಬೆಳಿಗ್ಗೆ ಅಂಗಳಕ್ಕೆ ಥಳಿ ಹೊಡೆಯುತ್ತಾರೆ, ಹೊಸ್ತಿಲನ್ನು ತೊಳೆದು ಅರಿಶಿನ ಕುಂಕುಮ ಏರಿಸುತ್ತಾರೆ. ಆಕಾಶದಿಂದ ಬರುವ ಮಳೆ ವರ್ಷದಲ್ಲಿ ಕೆಲವೇ ದಿನ. ಚೌಕಟ್ಟಿನ ಬುಡಕ್ಕೆ ಮಾತ್ರ ಮುನ್ನೂರರವತ್ತೈದು ದಿನವೂ ಮಳೆಯೇ. ಈ ಪೂಜೆಯನ್ನು ಬಿಡಿರೆಂದು ಯಾರಿಗೂ ಹೇಳಬೇಕಾಗಿಲ್ಲ. ಅದಕ್ಕೆ ತಕ್ಕಂತೆ ಬುಡವನ್ನು ಕಾಯ್ದರೆ ಸಾಕು. ಜೋಡಿಸುವ ಮೊದಲೇ ಹೊಸ ತುಂಡುಗಳ ಆರೂ ಮುಖಗಳಿಗೆ ಅಸ್ತರ ಹಚ್ಚಿಸಿ, ತುದಿಗಳಿಗೆ ಅದು ಹೀರುವದನ್ನು ನಿಲ್ಲಿಸುವವರೆಗೆ ಎರಡು ಮೂರು ಕೈ ಕುಡಿಸಿದೆವು. ನೆಲದ ಕಲ್ಲಿನ ಮೇಲೆ ನೀರು ನಿಲ್ಲದಂತೆ ತುಸು ಇಳಿಜಾರನ್ನೂ ಮಾಡಿಸಿದೆವು.

ಕಾಲದ ವಿಚಾರವೂ ಮುಖ್ಯವಾದದ್ದು. ದಸರೆಗೆ ಮನೆ ಬಣ್ಣವಾಗಬೇಕೆಂಬ ಆತುರ ಎಲ್ಲೆಡೆಗೂ ಇದೆ. ಆದರೆ ನಮ್ಮ ಭಾಗದಲ್ಲಿ ಮಳೆಯ ದೊಡ್ಡ ಪಾಲು ಬೀಳುವದು ಸಪ್ಟೆಂಬರದ ಸುಮಾರಿಗೇ. ಆಗ ಕಟ್ಟಿಗೆ ಒಳಗೆ ಹಸಿಯಾಗಿರುತ್ತದೆ. ಮೇಲೆ ಅಸ್ತರವನ್ನು ಮುಚ್ಚಿದರೆ ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಬಣ್ಣವನ್ನು ಗುಳ್ಳೆಯೆಬ್ಬಿಸುತ್ತದೆ. ದೀಪಾವಳಿ ಕಳೆದ ಮೇಲೆ ಮಾಘದವರೆಗಿನ ಒಣ ಹವೆಯು ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ. ಬೇಸಿಗೆಯಲ್ಲಿ ಹಚ್ಚುವದಾದರೆ ನೆರಳನ್ನು ಹಿಂಬಾಲಿಸಬೇಕು: ಪಡುವಣ ಮುಖದ ಬಾಗಿಲಿಗೆ ಬೆಳಿಗ್ಗೆ, ಮೂಡಣ ಮುಖದ್ದಕ್ಕೆ ಮಧ್ಯಾಹ್ನದ ಮೇಲೆ. ಕಾದ ಕಟ್ಟಿಗೆಯ ಮೇಲೆ ಅಸ್ತರವು ಇಳಿಯುವ ಮೊದಲೇ ಒಣಗಿ ಹಪ್ಪಳವಾಗುತ್ತದೆ.

ಹಾಗೆಂದು ಹೆರೆದ ಹೊಸ ಕಟ್ಟಿಗೆಯನ್ನು ಒಣಗಲೆಂದು ಬಿಸಿಲಿಗೆ ಬಿಡತಕ್ಕದ್ದೂ ಅಲ್ಲ. ಅಮೇರಿಕದ ಮ್ಯಾಡಿಸನ್ ಪಟ್ಟಣದಲ್ಲಿ 1910ರಲ್ಲಿ ಸ್ಥಾಪಿತವಾದ ಅರಣ್ಯೋತ್ಪನ್ನಗಳ ಪ್ರಯೋಗಶಾಲೆಯವರು ಬಣ್ಣ ಕಾಣದ ಹಲಿಗೆಗಳನ್ನು ಹವೆಗೆ ಒಡ್ಡಿ ಪರೀಕ್ಷಿಸಿದ್ದಾರೆ. ಕೆಲವೇ ವಾರಗಳ ಬಿಸಿಲಿಗೆ ಕಟ್ಟಿಗೆಯ ಮೇಲ್ಮೈಯ ನಾರುಗಳು ಸಡಿಲವಾಗಿ, ಅನಂತರ ಹಚ್ಚಿದ ಬಣ್ಣದ ಹಿಡಿತವು ಕಡಿಮೆಯಾಗುತ್ತದೆಂದು ಅದರಿಂದ ತಿಳಿದುಬಂದಿದೆ. ಬಣ್ಣವು ಅಂಟುವದು ಕಟ್ಟಿಗೆಗಲ್ಲ, ಸತ್ತ ಪುಡಿಗೆ. ಆದುದರಿಂದ ನೆರಳಿನಲ್ಲಿ ಒಣಗಿಸಿ, ಉಸುಕಿನ ಕಾಗದದಿಂದ ತಿಕ್ಕಿ, ತಿಕ್ಕಿದ ಒಂದೆರಡು ದಿನಗಳಲ್ಲಿಯೇ ಅಸ್ತರ ಹಚ್ಚಬೇಕು. ಹಚ್ಚಿದ ಅಸ್ತರವನ್ನೂ ತಿಂಗಳುಗಟ್ಟಲೆ ಬತ್ತಲೆ ಬಿಡದೆ, ಒಣಗಿದ ವಾರದೊಳಗೆ ಮೇಲಿನ ಬಣ್ಣ ಕೊಡಬೇಕು. ಮೊಳೆಯ ತೂತುಗಳಿಗೆ ತುಂಬುವ ಪುಟ್ಟಿಯನ್ನು ಅಸ್ತರ ಒಣಗಿದ ಮೇಲೆ ತುಂಬುವದು ಲೇಸು. ಬರಿಯ ಕಟ್ಟಿಗೆಯಲ್ಲಿ ತುಂಬಿದರೆ ಕಟ್ಟಿಗೆಯು ಪುಟ್ಟಿಯ ಎಣ್ಣೆಯನ್ನು ಹೀರಿ ಅದನ್ನು ಉದುರಿಸಿಬಿಡುತ್ತದೆ.

ಮನೆಯಲ್ಲಿ ಮಕ್ಕಳಿರುವವರು ಮುಂದಿನ ಮಾತಿಗೆ ವಿಶೇಷ ಲಕ್ಷ್ಯ ಕೊಡಬೇಕೆಂದು ನಮ್ಮ ವಿನಂತಿ. ಕಟ್ಟಿಗೆಯ ಅಸ್ತರ ತಿಳಿಗುಲಾಬಿ ಬಣ್ಣದ್ದೇಕೆಂದು ಯಾರಾದರೂ ಯೋಚಿಸಿದ್ದುಂಟೆ? ಹಿಂದೆ ಅಗಸಿ ಎಣ್ಣೆಯಲ್ಲಿ ಬಿಳಿ ಸೀಸವನ್ನೂ ಸ್ವಲ್ಪ ಕೆಂಪು ಸೀಸವನ್ನೂ ಅರೆದು ಅಸ್ತರ ಮಾಡುತ್ತಿದ್ದರು. ಎರಡೂ ಕೂಡಿ ಆ ಬಣ್ಣವಾಗುತ್ತಿತ್ತು. ಅದು ಬಹಳ ಗಟ್ಟಿಮುಟ್ಟಾದ ಅಸ್ತರವೆಂಬದರಲ್ಲಿ ಸಂಶಯವಿಲ್ಲ; ಅದು ವಿಷವೆಂಬದರಲ್ಲಿಯೂ ಸಂಶಯವಿಲ್ಲ. ಸೀಸವು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಕಟ್ಟಡದ ಒಳಗಿನ ಬಣ್ಣದಲ್ಲಿ ಬಿಳಿ ಸೀಸವನ್ನು ನಿಷೇಧಿಸುವ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1921ರಲ್ಲಿಯೇ ಅಂಗೀಕರಿಸಿತು. ನಮ್ಮ ದೇಶದಲ್ಲಿ 2016ರ ನಿಯಮಗಳ ಪ್ರಕಾರ, 2017ರ ನವೆಂಬರ 1ರಿಂದ, ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದು. ಇಂದಿನ ಡಬ್ಬಿಯ ಗುಲಾಬಿ ಬಣ್ಣವು ಹಳೆಯ ರೂಢಿಯ ಗುರುತು ಮಾತ್ರ. ಸೀಸವಿಲ್ಲವೆಂಬ ಬರಹವು ಡಬ್ಬಿಯ ಮೇಲೆ ಇದೆಯೇ ಎಂದು ನೋಡಿ ಕೊಳ್ಳುವದು ಗೃಹಸ್ಥನ ಕರ್ತವ್ಯ.

ಆದರೆ ಹಳೆಯ ಬಾಗಿಲಿನ ಮೇಲೆ ಕುಳಿತ ಬಣ್ಣವು ಯಾವ ನಿಯಮವನ್ನೂ ಓದಿಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಆಣೆಕಟ್ಟಿನಿಂದ ಬಾಗಲಕೋಟೆಯ ಹಳೆಯ ಊರಿನ ಎಷ್ಟೋ ಓಣಿಗಳು ಹಿನ್ನೀರಿಗೆ ಸಂದವು. ನವನಗರಕ್ಕೆ ಹೋದವರು ಗೋಡೆಗಳನ್ನು ಬಿಟ್ಟು ಹೋಗಬೇಕಾಯಿತು. ಬಾಗಿಲು, ಚೌಕಟ್ಟು, ಕಂಬಗಳನ್ನು ಬಿಚ್ಚಿ ತಂದವರುಂಟು. ಮುಳುಗಿದ ಮನೆಯಿಂದ ಕೈಗೆ ಉಳಿದುದು ಆ ಕಟ್ಟಿಗೆಯಷ್ಟೇ ಆಗಿರುವಾಗ ಅದರ ಬೆಲೆಯನ್ನು ಯಾವ ಅಡ್ಡೆಯವನೂ ಕಟ್ಟಲಾರನು. ಅಂಥ ಬಾಗಿಲುಗಳ ಮೇಲೆ ನಾಲ್ಕಾರು ಪದರು ಬಣ್ಣವಿರುತ್ತದೆ. ಅಡಿಯ ಪದರಿನಲ್ಲಿ ಸೀಸವಿದ್ದೀತೆಂದೇ ತಿಳಿದು ನಡೆಯಬೇಕು. ಅದನ್ನು ಒಣದಾಗಿ ತಿಕ್ಕಿ ಧೂಳೆಬ್ಬಿಸಬಾರದು, ಬೆಂಕಿಯಿಂದ ಸುಡಲೂಬಾರದು. ನೀರು ಹಚ್ಚಿ ಹಸಿಯಾಗಿಯೇ ಹೆರೆದು, ಕೆಳಗೆ ಹಾಸಿದ ತಟ್ಟಿನೊಡನೆ ಚಕ್ಕೆಗಳನ್ನು ಕಟ್ಟಿ ಬಿಸಾಡಬೇಕು. ಗಟ್ಟಿಯಾಗಿ ಹಿಡಿದ ಹಳೆಯ ಪದರನ್ನು ಕೀಳದೆ, ಮಿರುಗನ್ನಷ್ಟು ಹಸಿತಿಕ್ಕಿನಿಂದ ತೆಗೆದು ಅದರ ಮೇಲೆಯೇ ಅಸ್ತರ ಹಚ್ಚುವದು ಹೆಚ್ಚು ಸುರಕ್ಷಿತ. ನಮ್ಮ ಮಗಳ ಕೂಸು ಈಗ ಅಂಬೆಗಾಲಿಡುವ ವಯಸ್ಸಿನದು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಬಾಗಿಲಿನ ಕೆಲಸ ಮುಗಿದು, ಕಟ್ಟೆಯನ್ನು ಮೂರು ಸಲ ಹಸಿಬಟ್ಟೆಯಿಂದ ಒರಸುವವರೆಗೆ ಮಗಳನ್ನೂ ಕೂಸನ್ನೂ ಬಾದಾಮಿಯ ಬೀಗರ ಮನೆಯಲ್ಲಿಯೇ ಇರಲು ಹೇಳಿ ಕಳಿಸಿದ್ದೆವು.

ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇವೆ. ಅಗಸಿ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ, ಆ ಶಾಖ ಹೊರಹೋಗಲು ದಾರಿಯಿಲ್ಲದೆ, ಯಾರೂ ಕಡ್ಡಿ ಗೀರದೆ ತಾನಾಗಿಯೇ ಬೆಂಕಿ ಹತ್ತಬಲ್ಲದು. ಮನೆಯಲ್ಲಿ ಹತ್ತಿಯ ಅಂಡಿಗೆಗಳನ್ನೂ ಹಿತ್ತಿಲಲ್ಲಿ ಕಣಿಕಿಯ ಬಣವಿಯನ್ನೂ ಇಟ್ಟುಕೊಂಡ ಒಕ್ಕಲಿಗರು ಇದನ್ನು ಮರೆಯಬಾರದು. ಅಂಥ ಅರಿವೆಯನ್ನು ಬಿಡಿಸಿ ಬಯಲಿನಲ್ಲಿ ಒಣಹಾಕಬೇಕು, ಇಲ್ಲವೆ ನೀರಿನಲ್ಲಿ ಅದ್ದಿಡಬೇಕು.

ಗೆದ್ದಲಿಗೆ ಅಸ್ತರವು ಔಷಧವಲ್ಲವೆಂಬದನ್ನೂ ಸೇರಿಸುವದು ಉಚಿತ. ಹುಳ ಹತ್ತಿದ್ದರೆ ಅದಕ್ಕೆ ಬೇರೆ ಉಪಾಯವನ್ನು ಮೊದಲು ಮಾಡಿ, ಅದು ಒಣಗಿದ ಮೇಲೆ ಅಸ್ತರದ ವಿಚಾರ ಮಾಡತಕ್ಕದ್ದು.

ವಾಚಕರು ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಎರಡು ಸಣ್ಣ ಪರೀಕ್ಷೆಗಳಿವೆ. ಬರಿಯ ಕಟ್ಟಿಗೆಯ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿರಿ. ಕೂಡಲೆ ಇಂಗಿದರೆ ಕಟ್ಟಿಗೆ ದಾಹಗೊಂಡಿದೆ. ಎರಡು ಕೈ ಅಸ್ತರ ಬೇಕು. ಮುತ್ತಿನಂತೆ ನಿಂತರೆ ಎಣ್ಣೆಯೋ ಮೇಣವೋ ಇದೆ; ಒರಸಿ ತೆಗೆಯದ ಹೊರತು ಯಾವ ಅಸ್ತರವೂ ಹಿಡಿಯದು. ಹಳೆಯ ಬಣ್ಣವಿದ್ದರೆ ಚಾಕುವಿನಿಂದ ಅದರ ಮೇಲೆ ಒಂದು ಸಣ್ಣ ಕತ್ತರಿಗೆರೆ ಎಳೆದು, ಅಂಟುಪಟ್ಟಿಯನ್ನು ಒತ್ತಿ ಹಚ್ಚಿ ಥಟ್ಟನೆ ಕೀಳಿರಿ. ಬಣ್ಣವು ಪಟ್ಟಿಯೊಡನೆ ಎದ್ದು ಬಂದರೆ ಆ ಪದರನ್ನು ತೆಗೆಯದೆ ಗತ್ಯಂತರವಿಲ್ಲ. ಅಲ್ಲಿಯೇ ನಿಂತರೆ ಅದರ ಮೇಲೆ ಕೆಲಸ ಮಾಡಬಹುದು.

ಇಷ್ಟು ತಿಳಿದುಕೊಂಡು ಅಂಗಡಿಗೆ ಹೋದವರು, "ಒಳ್ಳೆಯ ಪ್ರೈಮರ್ ಕೊಡಿರಿ" ಎಂದು ಕೇಳುವದಿಲ್ಲ. "ಹಳೆಯ ಸಾಗವಾನಿ, ಬುಡಕ್ಕೆ ಹೊಸ ತುಂಡು, ಪಡುವಣ ಮುಖ, ಮೇಲೆ ಎಣ್ಣೆಯ ಬಣ್ಣ, ಇದಕ್ಕೆ ಯಾವುದು?" ಎಂದು ಕೇಳುತ್ತಾರೆ. ಹಾಗೆ ಕೇಳಿದವರಿಗೆ ಅಂಗಡಿಯವನೂ ವಿಚಾರಿಸಿ ಉತ್ತರ ಕೊಡಬೇಕಾಗುತ್ತದೆ. ಹಣ ಸಾಲದಿದ್ದರೆ ಮೇಲಿನ ಬಣ್ಣದಲ್ಲಿ ಅಗ್ಗದ್ದನ್ನು ಕೊಳ್ಳಿರಿ. ಅದು ಮಾಸಿದರೆ ಮುಂದಿನ ವರ್ಷ ಮತ್ತೊಂದು ಕೈ ಹಚ್ಚಬಹುದು. ಅಸ್ತರದಲ್ಲಿ ಮಾತ್ರ ಜಿಪುಣತನ ಬೇಡ; ಬುಡದ ತುದಿಗೆ ಅದನ್ನು ಹಚ್ಚುವ ಅವಕಾಶವು ಒಂದು ಬಾಗಿಲಿನ ಆಯುಷ್ಯದಲ್ಲಿ ಒಂದೇ ಸಲ ಬರುತ್ತದೆ.